ನೆನೆದ ಗಳಿಗೆಯಲ್ಲೇ ಸಾವಿನ ಸುದ್ದಿ: ಅದನ್ನು ಹೇಗೆ ಓದಿಕೊಳ್ಳಬೇಕು?

ಪ್ರಶ್ನೆ: ನನಗೆ ನಲವತ್ತಾರು ವರ್ಷ. ಮದುವೆಯಾದ ಮೇಲೆ ಮೈಸೂರಿನಲ್ಲಿ ನೆಲೆಸಿದ್ದೇನೆ. ಬಾಲ್ಯದಲ್ಲಿ ನನ್ನನ್ನು ಸಾಕಿದವರು ಸಾಗರದ ಹತ್ತಿರದ ಹಳ್ಳಿಯಲ್ಲಿದ್ದ ನನ್ನ ದೊಡ್ಡಮ್ಮ, ಅಂದರೆ ಅಮ್ಮನ ಅಕ್ಕ. ಕಳೆದ ಆಷಾಢದ ಒಂದು ಬೆಳಗ್ಗೆ, ಅವರೇ ಕಳಿಸಿದ್ದ ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿಗೆ ಕಟ್ಟಿದ್ದ ಬಟ್ಟೆ ಬಿಚ್ಚುತ್ತಿದ್ದಾಗ ಇದ್ದಕ್ಕಿದ್ದಂತೆ ಅವರ ನೆನಪು ಉಕ್ಕಿ ಬಂತು. ಹತ್ತು ನಿಮಿಷ ಕಳೆಯುವುದರೊಳಗೆ ಅವರು ತೀರಿಕೊಂಡರೆಂದು ಊರಿನಿಂದ ಫೋನು ಬಂತು. ಅಂದಿನಿಂದ ಅವರ ಹೆಸರು ಅಂಗಡಿಯ ಫಲಕಗಳಲ್ಲಿ, ವಾಹನಗಳ ಹಿಂಬದಿಯಲ್ಲಿ, ಮದುವೆಯ ಕರೆಯೋಲೆಗಳಲ್ಲಿ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತಿದೆ. ನವರಾತ್ರಿ ಕಳೆದ ಮೇಲೆ ಮಗಳಿಗೆ ಒಂದು ಸಂಬಂಧ ಬಂತು. ಹುಡುಗನ ಜಾತಕ ಕೈಸೇರಿದ ದಿನವೇ ಗೋಡೆಯ ಮೇಲಿದ್ದ ದೊಡ್ಡಮ್ಮನ ಫೋಟೋ ಬಿದ್ದು ಗಾಜು ಒಡೆಯಿತು. ನಮ್ಮ ಯಜಮಾನರು ‘ಎಲ್ಲ ಕಾಕತಾಳೀಯ, ಸುಮ್ಮನಿರು’ ಎನ್ನುತ್ತಾರೆ. ಆ ಮಾತು ನನಗೆ ಚುಚ್ಚುತ್ತದೆ. ದೊಡ್ಡಮ್ಮ ನನಗೆ ಏನನ್ನಾದರೂ ತಿಳಿಸುತ್ತಿದ್ದಾರೆಯೇ? ಈ ಸಂಬಂಧವನ್ನು ಬಿಟ್ಟುಬಿಡಬೇಕೇ? ಅಥವಾ ನನ್ನ ತಲೆಯೇ ಕೆಟ್ಟಿದೆಯೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯನ್ನು ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಅದರ ಹಿಂದೆ ಭಯವಿದೆ. ನೀವು ಬರೆದಿರುವುದನ್ನು ನೋಡಿದರೆ ನಿಮ್ಮ ತಲೆ ಕೆಟ್ಟಿಲ್ಲ. ಹತ್ತಿರದವರನ್ನು ಕಳೆದುಕೊಂಡವರಿಗೆ ಅವರು ಇನ್ನೂ ಆಸುಪಾಸಿನಲ್ಲಿ ಇದ್ದಾರೆಂಬ ಭಾವ ಬರುವುದು ತೀರ ಸಾಮಾನ್ಯ. ವೇಲ್ಸ್‌ನ ವೈದ್ಯ ಡೆವಿ ರೀಸ್ ಅವರು ಗಂಡನನ್ನೋ ಹೆಂಡತಿಯನ್ನೋ ಕಳೆದುಕೊಂಡ 293 ಮಂದಿಯನ್ನು ಮಾತನಾಡಿಸಿ, 1971ರಲ್ಲಿ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಅವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ತೀರಿಕೊಂಡವರ ಇರುವಿಕೆಯ ಅನುಭವ ಯಾವುದಾದರೊಂದು ರೂಪದಲ್ಲಿ ಆಗಿತ್ತು. ಆದವರಲ್ಲಿ ಹೆಚ್ಚಿನವರಿಗೆ ಅದರಿಂದ ಸಮಾಧಾನವೇ ಸಿಕ್ಕಿತ್ತು. ಮತ್ತು ಹೆಚ್ಚಿನವರು ಅದನ್ನು ಅಲ್ಲಿಯವರೆಗೆ ಯಾರೊಂದಿಗೂ ಹೇಳಿಕೊಂಡಿರಲಿಲ್ಲ. ಈ ಕೊನೆಯ ಅಂಶವೇ ನನಗೆ ಮುಖ್ಯವೆನಿಸುತ್ತದೆ. ನಗುತ್ತಾರೆಂದೋ ಹುಚ್ಚೆನ್ನುತ್ತಾರೆಂದೋ ಹೆದರಿ ಜನರು ಇಂಥದ್ದನ್ನು ಒಳಗೇ ಇಟ್ಟುಕೊಳ್ಳುತ್ತಾರೆ, ಹಾಗೆ ಇಟ್ಟುಕೊಂಡದ್ದು ಒಳಗೇ ಬೆಳೆಯುತ್ತದೆ. ನೀವು ಬರೆದು ಕೇಳಿದ್ದು ಒಳ್ಳೆಯದಾಯಿತು.

ಇನ್ನು ಉಳಿದ ಎರಡು ಪ್ರಶ್ನೆಗಳು. ನಿಮ್ಮ ಪತ್ರವನ್ನು ಓದುವಾಗ ನನಗೆ ಕಂಡದ್ದೇನೆಂದರೆ, ಬೇರೆ ಬೇರೆಯಾಗಿ ಕೇಳಬೇಕಾದ ಎರಡು ಸಂಗತಿಗಳು ನಿಮ್ಮಲ್ಲಿಯೂ ನಿಮ್ಮ ಯಜಮಾನರಲ್ಲಿಯೂ ಒಂದಾಗಿ ಹೆಣೆದುಕೊಂಡಿವೆ. ಈ ಎರಡು ಘಟನೆಗಳು ಒಟ್ಟಿಗೆ ಏಕೆ ನಡೆದವು ಎನ್ನುವುದು ಒಂದು ಪ್ರಶ್ನೆ. ಒಟ್ಟಿಗೆ ನಡೆದದ್ದು ನನ್ನನ್ನು ಇಷ್ಟು ಅಲುಗಿಸಿದ್ದೇಕೆ ಎನ್ನುವುದು ಇನ್ನೊಂದು. ನಿಮ್ಮ ಯಜಮಾನರು ಮೊದಲನೆಯದಕ್ಕೆ ಸರಿಯಾದ ಉತ್ತರ ಕೊಟ್ಟು ಎರಡನೆಯದೂ ಅದರೊಂದಿಗೇ ಮುಗಿಯಿತೆಂದು ಭಾವಿಸಿದ್ದಾರೆ. ನೀವು ಎರಡನೆಯದರ ತೀವ್ರತೆಯನ್ನು ನೋಡಿ ಮೊದಲನೆಯದಕ್ಕೂ ಅಷ್ಟೇ ದೊಡ್ಡ ಕಾರಣವಿರಬೇಕು ಎಂದುಕೊಂಡಿದ್ದೀರಿ.

ಮೊದಲನೆಯದನ್ನು ಲೆಕ್ಕ ಹಾಕಿಯೇ ನೋಡೋಣ, ಏಕೆಂದರೆ ನಿಮ್ಮ ಅನುಭವವನ್ನೇ ಹೋಲುವ ಒಂದು ಅನುಭವ ಒಬ್ಬ ದೊಡ್ಡ ವಿಜ್ಞಾನಿಗೂ ಆಗಿತ್ತು, ಅವರೂ ಲೆಕ್ಕಕ್ಕೇ ಕುಳಿತರು. 1968ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದ ಅಮೆರಿಕದ ಲೂಯಿ ಅಲ್ವಾರೆಜ್ ಒಂದು ದಿನ ಪತ್ರಿಕೆ ಓದುತ್ತಿದ್ದಾಗ ಅದರಲ್ಲಿದ್ದ ಒಂದು ಮಾತು ಅವರನ್ನು ಕಾಲೇಜಿನ ದಿನಗಳಿಗೆ ಒಯ್ದು, ಸುಮಾರು ಮೂವತ್ತು ವರ್ಷಗಳಿಂದ ನೆನೆಯದಿದ್ದ ಒಬ್ಬರನ್ನು ನೆನಪಿಗೆ ತಂದಿತು. ಕೆಲವೇ ನಿಮಿಷಗಳಲ್ಲಿ ಅದೇ ಪತ್ರಿಕೆಯ ಇನ್ನೊಂದು ಪುಟದಲ್ಲಿ ಆ ವ್ಯಕ್ತಿಯ ಮರಣವಾರ್ತೆ ಕಣ್ಣಿಗೆ ಬಿತ್ತು. ಅಲ್ವಾರೆಜ್ ಅದನ್ನು ಪವಾಡವೆಂದೂ ಹೇಳಲಿಲ್ಲ, ಮರೆತೂ ಬಿಡಲಿಲ್ಲ. ಒಬ್ಬ ಮನುಷ್ಯನಿಗೆ ಎಷ್ಟು ಜನರ ಪರಿಚಯವಿರುತ್ತದೆ, ಅವರನ್ನು ಅವನು ಎಷ್ಟು ಬಾರಿ ನೆನೆಯುತ್ತಾನೆ, ಅವರಲ್ಲಿ ಎಷ್ಟು ಜನ ಸಾಯುತ್ತಾರೆ ಎಂದು ಅಂದಾಜು ಮಾಡಿ, ಇಂಥ ಅನುಭವ ಅಮೆರಿಕದಲ್ಲಿ ವರ್ಷಕ್ಕೆ ಸುಮಾರು ಮೂರು ಸಾವಿರ ಜನರಿಗೆ ಕೇವಲ ಆಕಸ್ಮಿಕವಾಗಿಯೇ ಆಗಬೇಕೆಂದು 1965ರಲ್ಲಿ ‘ಸೈನ್ಸ್’ ಪತ್ರಿಕೆಗೆ ಪತ್ರ ಬರೆದು ತಿಳಿಸಿದರು.

ಅದೇ ರೀತಿಯ ಅಂದಾಜನ್ನು ನಮ್ಮ ರಾಜ್ಯಕ್ಕೆ ಮಾಡಿ ನೋಡಬಹುದು. 2023ರ ವಿಧಾನಸಭಾ ಚುನಾವಣೆಯ ಹೊತ್ತಿಗೆ ಕರ್ನಾಟಕದಲ್ಲಿ ಐದು ಕೋಟಿಗೂ ಹೆಚ್ಚು ಮತದಾರರಿದ್ದರು. ವಯಸ್ಕರ ಸಂಖ್ಯೆಯನ್ನು ಐದು ಕೋಟಿ ಎಂದಿಟ್ಟುಕೊಳ್ಳೋಣ. ಪ್ರತಿಯೊಬ್ಬರಿಗೂ ವರ್ಷಕ್ಕೆ ಒಬ್ಬ ಪರಿಚಿತರ ಸಾವಿನ ಸುದ್ದಿಯಾದರೂ ಬರುತ್ತದೆ ಎಂದುಕೊಳ್ಳೋಣ. ಆ ಪರಿಚಿತರನ್ನು ಇವರು ತಾವಾಗಿ ನೆನೆಯುವುದು ವರ್ಷಕ್ಕೆ ಒಂದೇ ಬಾರಿ ಎಂದು, ಲೆಕ್ಕ ಆದಷ್ಟು ಬಿಗಿಯಾಗಿರಲಿ ಎಂದು, ಭಾವಿಸೋಣ. ದಿನಕ್ಕೆ ಹದಿನಾರು ಗಂಟೆ ಎಚ್ಚರವಾಗಿರುತ್ತೇವೆಂದರೆ ವರ್ಷಕ್ಕೆ 5,840 ಗಂಟೆಗಳಾಗುತ್ತವೆ. ಆ ಒಂದೇ ಒಂದು ನೆನಪು ಸುದ್ದಿ ಬರುವ ಮುಂಚಿನ ಒಂದು ಗಂಟೆಯಲ್ಲೇ ಬರುವ ಸಂಭವ 5,840ರಲ್ಲಿ ಒಂದು. ಒಬ್ಬರ ಪಾಲಿಗೆ ಅದು ಬಹಳ ಚಿಕ್ಕದು. ಆದರೆ ಐದು ಕೋಟಿಯನ್ನು 5,840ರಿಂದ ಭಾಗಿಸಿದರೆ ವರ್ಷಕ್ಕೆ ಸುಮಾರು 8,500 ಜನ, ದಿನಕ್ಕೆ ಇಪ್ಪತ್ಮೂರು ಜನ. ನಿಮಗಾದಂತೆ ಹತ್ತು ನಿಮಿಷದೊಳಗೆ ಎಂದು ಬಿಗಿ ಮಾಡಿದರೂ ದಿನಕ್ಕೆ ಸುಮಾರು ನಾಲ್ವರು ಉಳಿಯುತ್ತಾರೆ. ಅಂದರೆ ನೀವು ಆ ಕರೆಯನ್ನು ಸ್ವೀಕರಿಸಿದ ದಿನ ಇದೇ ರಾಜ್ಯದ ಬೇರೆ ಬೇರೆ ಊರುಗಳಲ್ಲಿ ಇನ್ನೂ ಕೆಲವರು ನಿಮ್ಮಂತೆಯೇ ಫೋನು ಹಿಡಿದು ಬೆರಗಾಗಿ ನಿಂತಿರಬೇಕು.

ನಿಮ್ಮ ವಿಷಯದಲ್ಲಿ ಸಂಭವ ಇದಕ್ಕಿಂತಲೂ ಹೆಚ್ಚು. ಸಾಕಿ ಸಲಹಿದ ದೊಡ್ಡಮ್ಮನನ್ನು ನೀವು ವರ್ಷಕ್ಕೆ ಒಮ್ಮೆ ಮಾತ್ರ ನೆನೆಯುತ್ತಿದ್ದಿರಿ ಎಂದು ಯಾರೂ ಹೇಳಲಾರರು. ಆ ನೆನಪು ಶೂನ್ಯದಿಂದಲೂ ಬಂದದ್ದಲ್ಲ, ಅವರ ಕೈಯಿಂದಲೇ ಬಂದ ಭರಣಿ ನಿಮ್ಮ ಮುಂದಿತ್ತು. ಆ ಭರಣಿಯ ಬಟ್ಟೆಯನ್ನು ನೀವು ಅದಕ್ಕೆ ಮೊದಲೂ ಎಷ್ಟೋ ಬೆಳಗು ಬಿಚ್ಚಿರಬೇಕು, ಆ ಬೆಳಗುಗಳಲ್ಲಿಯೂ ದೊಡ್ಡಮ್ಮ ನೆನಪಾಗಿರಬೇಕು. ಯಾವ ಕರೆಯೂ ಬಾರದ ಆ ಬೆಳಗುಗಳು ಉಳಿಯಲು ಕಾರಣವಿಲ್ಲದೆ ಅಳಿಸಿಹೋದವು. ಕರೆ ಬಂದ ಬೆಳಗು ಮಾತ್ರ ಉಳಿಯಿತು. ಮಾತಾಡುತ್ತಿದ್ದವರು ಬಾಗಿಲಿಗೆ ಬಂದರೆ ‘ನಿಮಗೆ ನೂರು ವರ್ಷ ಆಯಸ್ಸು’ ಎನ್ನುವುದು ನಮ್ಮ ವಾಡಿಕೆ. ಮಾತಾಡಿದಾಗ ಬಾರದೇ ಹೋದವರ ಬಗ್ಗೆ ಹೇಳಲು ನಮ್ಮಲ್ಲಿ ಯಾವ ಮಾತೂ ಇಲ್ಲ, ಏಕೆಂದರೆ ಅದನ್ನು ಯಾರೂ ಗಮನಿಸುವುದೇ ಇಲ್ಲ.

ಅಂಗಡಿಯ ಫಲಕಗಳ ಸಂಗತಿಯೂ ಇದಕ್ಕೆ ಹತ್ತಿರದ್ದು, ಅದರ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ನಿಮ್ಮ ದೊಡ್ಡಮ್ಮನ ಹೆಸರು (ಇಲ್ಲಿ ಅದನ್ನು ಬಿಟ್ಟಿದ್ದೇನೆ) ನಮ್ಮ ನಾಡಿನ ಹೋಟೆಲು, ದಿನಸಿ ಅಂಗಡಿ, ಬಸ್ಸುಗಳಿಗೆ ಇಡುವ ಅತಿ ಸಾಮಾನ್ಯ ಹೆಸರುಗಳಲ್ಲೊಂದು. ಅದು ಮೊದಲೂ ಅಲ್ಲೇ ಇತ್ತು. ಈಗ ನಿಮ್ಮ ಮನಸ್ಸು ಅದಕ್ಕಾಗಿ ಕಾಯುತ್ತಿದೆ. ಹೊಸದಾಗಿ ಗಮನಕ್ಕೆ ಬಂದದ್ದು ಎಲ್ಲೆಲ್ಲೂ ಹೆಚ್ಚಿದಂತೆ ತೋರುವ ಈ ಭ್ರಮೆಯನ್ನು ಭಾಷಾಶಾಸ್ತ್ರಜ್ಞ ಆರ್ನಾಲ್ಡ್ ಝ್ವಿಕಿ 2005ರಲ್ಲಿ ಹೆಸರಿಟ್ಟು ವಿವರಿಸಿದರು. ಗರ್ಭಿಣಿಯಾದವರಿಗೆ ಬೀದಿಯ ತುಂಬ ಗರ್ಭಿಣಿಯರೇ ಕಾಣುವುದನ್ನು ನೀವೂ ಕೇಳಿರುತ್ತೀರಿ, ಬಹುಶಃ ಅನುಭವಿಸಿಯೂ ಇರುತ್ತೀರಿ.

ಲೆಕ್ಕವನ್ನು ಇಲ್ಲಿಗೇ ನಿಲ್ಲಿಸಿದರೆ ನಾನೂ ನಿಮ್ಮ ಯಜಮಾನರಂತೆ ‘ಸುಮ್ಮನಿರು’ ಎಂದು ಹೇಳಿದಂತಾಗುತ್ತದೆ. ಹಾಗೆ ಹೇಳಲು ನನಗೆ ಮನಸ್ಸಿಲ್ಲ, ಹೇಳುವುದು ಸರಿಯೂ ಅಲ್ಲ. ಪರ್ಸಿ ಡಯಾಕೋನಿಸ್ ಮತ್ತು ಫ್ರೆಡರಿಕ್ ಮೋಸ್ಟೆಲ್ಲರ್ ಎಂಬ ಇಬ್ಬರು ಸಂಖ್ಯಾಶಾಸ್ತ್ರಜ್ಞರು 1989ರಲ್ಲಿ ಆಕಸ್ಮಿಕ ಸಂಯೋಗಗಳನ್ನು ಅಧ್ಯಯನ ಮಾಡುವ ವಿಧಾನಗಳ ಬಗ್ಗೆ ಒಂದು ಪ್ರಸಿದ್ಧ ಪ್ರಬಂಧ ಬರೆದರು. ಅದರಲ್ಲಿ ಅವರು ಕೊಟ್ಟ ವ್ಯಾಖ್ಯೆಯಲ್ಲಿ, ಘಟನೆಗಳ ನಡುವೆ ಗೋಚರವಾದ ಕಾರಣಸಂಬಂಧ ಇರಬಾರದು ಎನ್ನುವುದರ ಜೊತೆಗೆ, ಅವುಗಳ ನಡುವೆ ಅರ್ಥದ ಸಂಬಂಧವಿದೆ ಎಂದು ಯಾರಿಗಾದರೂ ತೋರಬೇಕು ಎನ್ನುವುದೂ ಸೇರಿದೆ. ಅಂಕಿಗಳಲ್ಲಿ ಬದುಕು ಕಳೆದವರೇ ವ್ಯಾಖ್ಯೆಯೊಳಗೆ ನೋಡುವ ಮನುಷ್ಯನಿಗೆ ಜಾಗ ಕೊಟ್ಟರು. ನೋಡುವವರಿಲ್ಲದೆ ಸಂಯೋಗವೇ ಇಲ್ಲ. ಆ ದಿನ ಬೆಳಗ್ಗೆ ನಿಮ್ಮ ತಲೆಯಲ್ಲಿ ಹಾಲಿನವರು, ಪಕ್ಕದ ಮನೆಯವರು, ಮಗಳ ಕಚೇರಿ, ಗ್ಯಾಸಿನ ಸಿಲಿಂಡರು ಎಲ್ಲವೂ ಬಂದು ಹೋಗಿರುತ್ತವೆ. ಅವುಗಳ ಜೊತೆ ಏನಾದರೂ ಕೂಡಿಬಂದಿದ್ದರೆ ನೀವು ನನಗೆ ಪತ್ರ ಬರೆಯುತ್ತಿರಲಿಲ್ಲ. ದೊಡ್ಡಮ್ಮನ ಜೊತೆ ಕೂಡಿಬಂದದ್ದರಿಂದ ಬರೆದಿರಿ. ಆ ಸಂಯೋಗದಲ್ಲಿ ಇರುವ ಅರ್ಥ ನಿಜವಾದದ್ದು, ಮತ್ತು ಅದು ಇರುವುದು ನಿಮಗೂ ಅವರಿಗೂ ಇದ್ದ ನಂಟಿನಲ್ಲಿ. ಅದನ್ನು ನಂಬಲು ಫೋನಿನ ತಂತಿಗೂ ಭರಣಿಗೂ ನಡುವೆ ಗೂಢವಾದ ಸಂಪರ್ಕ ಇರಬೇಕಾಗಿಲ್ಲ.

ಈ ವಿಷಯ ಬಂದಾಗ ಯೂಂಗ್ ಅವರ ಹೆಸರನ್ನು ತೆಗೆಯದೆ ಮುಂದೆ ಹೋಗಲಾಗದು. ಸ್ವಿಟ್ಜರ್ಲೆಂಡಿನ ಮನೋವೈದ್ಯ ಕಾರ್ಲ್ ಯೂಂಗ್ ಅವರು, ಕಾರಣಸಂಬಂಧವಿಲ್ಲದೆಯೂ ಅರ್ಥದಿಂದ ಕೂಡಿಕೊಳ್ಳುವ ಘಟನೆಗಳಿವೆ ಎಂಬ ವಾದವನ್ನು 1952ರಲ್ಲಿ, ಭೌತವಿಜ್ಞಾನಿ ವೋಲ್ಫ್‌ಗಾಂಗ್ ಪೌಲಿ ಅವರ ಬರಹದೊಂದಿಗೆ ಒಂದೇ ಪುಸ್ತಕವಾಗಿ ಪ್ರಕಟಿಸಿದರು. ಅವರು ಕೊಡುವ ಪ್ರಸಿದ್ಧ ಉದಾಹರಣೆ ಹೀಗಿದೆ. ಎಲ್ಲವನ್ನೂ ತರ್ಕದಿಂದಲೇ ಅಳೆಯುತ್ತಿದ್ದ, ಅದರಿಂದಾಗಿಯೇ ಚಿಕಿತ್ಸೆ ಮುಂದುವರಿಯದಿದ್ದ ಒಬ್ಬ ಮಹಿಳೆ, ಕನಸಿನಲ್ಲಿ ತನಗೆ ಯಾರೋ ಚಿನ್ನದ ಜೀರುಂಡೆಯ ಆಭರಣವನ್ನು ಕೊಟ್ಟರೆಂದು ಹೇಳುತ್ತಿದ್ದಾಗ, ಕಿಟಕಿಯ ಗಾಜಿಗೆ ಏನೋ ತಟ್ಟಿದ ಸದ್ದಾಯಿತು. ಯೂಂಗ್ ಕಿಟಕಿ ತೆರೆದರೆ ಒಳಗೆ ಹಾರಿಬಂದದ್ದು ಹಸಿರು-ಹೊನ್ನಿನ ಬಣ್ಣದ ಒಂದು ಜೀರುಂಡೆ. ಅದನ್ನು ಹಿಡಿದು ಆಕೆಯ ಕೈಗೆ ಕೊಟ್ಟರು. ಆಮೇಲೆ ಚಿಕಿತ್ಸೆ ಸರಾಗವಾಯಿತು.

ಜಗತ್ತಿನಲ್ಲಿ ಅಂಥದ್ದೊಂದು ನಿಯಮ ಕೆಲಸ ಮಾಡುತ್ತಿದೆ ಎನ್ನುವುದಕ್ಕೆ ಆಧಾರ ಸಿಕ್ಕಿಲ್ಲ, ಆ ವಾದವನ್ನು ನಾನು ಒಪ್ಪುವುದಿಲ್ಲ. ಬೆಳಕಿನ ಕಡೆಗೆ, ಗಾಜಿನ ಕಡೆಗೆ ಜೀರುಂಡೆಗಳು ಹಾರಿಬರುತ್ತವೆ. ಯೂಂಗ್ ಕೇಳಿದ ಕನಸುಗಳೂ ಅಸಂಖ್ಯ. ಆದರೆ ಚಿಕಿತ್ಸಕರಾಗಿ ಅವರು ಮಾಡಿದ್ದನ್ನು ನಾನು ಗೌರವಿಸುತ್ತೇನೆ. ಆ ಕೀಟವನ್ನು ಮುಂದಿಟ್ಟುಕೊಂಡು ಅವರು ಆಕೆಗೆ ಭವಿಷ್ಯ ಹೇಳಲಿಲ್ಲ, ಯಾರನ್ನು ಮದುವೆಯಾಗಬೇಕೆಂದು ನಿರ್ಣಯಿಸಲಿಲ್ಲ. ಮಾತು ಕಟ್ಟಿಹೋಗಿದ್ದ ಕಡೆ ಅದು ಮಾತನ್ನು ಬಿಡಿಸಿತು, ಅಷ್ಟು ಸಾಕಾಯಿತು.

ನಮ್ಮ ಹಿರಿಯರ ಆಚರಣೆಯೊಂದರಲ್ಲಿ ಇದು ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಉತ್ತರಕ್ರಿಯೆಯ ದಿನಗಳಲ್ಲಿ ಪಿಂಡವಿಟ್ಟು ಕಾಗೆಗಾಗಿ ಕಾಯುವುದನ್ನು ನೀವೂ ನೋಡಿದ್ದೀರಿ. ಕಾಗೆ ಬಾರದಿದ್ದರೆ ಕುಟುಂಬದವರು ಒಬ್ಬೊಬ್ಬರಾಗಿ ಕೈಮುಗಿದು, ‘ತಂಗಿಯ ಮದುವೆ ನಾನು ಮಾಡಿಸುತ್ತೇನೆ’, ‘ಅಮ್ಮನನ್ನು ಚೆನ್ನಾಗಿ ನೋಡಿಕೊಳ್ಳುತ್ತೇವೆ’, ‘ಅಣ್ಣತಮ್ಮಂದಿರು ಜಗಳವಾಡುವುದಿಲ್ಲ’ ಎಂದು ಒಂದೊಂದೇ ಮಾತು ಕೊಡುತ್ತಾರೆ. ಯಾವುದೋ ಒಂದು ಮಾತಿಗೆ ಕಾಗೆ ಇಳಿಯುತ್ತದೆ, ಸತ್ತವರ ಆಸೆ ಅದೇ ಆಗಿತ್ತೆಂದು ಎಲ್ಲರೂ ಕಣ್ಣೊರೆಸಿಕೊಳ್ಳುತ್ತಾರೆ. ಹಸಿದ ಹಕ್ಕಿ ಅನ್ನ ಕಂಡು ಇಳಿಯಿತು ಎನ್ನುವುದು ನಿಜ. ಕಾಗೆ ಕಾಯಿಸಿದ ಆ ಅರ್ಧ ಗಂಟೆಯಲ್ಲಿ, ಬೇರೆ ಯಾವ ಸಂದರ್ಭದಲ್ಲೂ ಬಾಯಿಂದ ಬಾರದಿದ್ದ ಮಾತುಗಳು ನಾಲ್ಕು ಜನರೆದುರು ಹೊರಬಂದವು ಎನ್ನುವುದೂ ನಿಜ. ಆಚರಣೆಯ ಬೆಲೆ ಇರುವುದು ಅಲ್ಲಿ. ಕಾಗೆ ಬಾರದೇ ಹೋದರೆ ಪಿಂಡವನ್ನು ಹಸುವಿಗೆ ಕೊಡುವ, ನೀರಿಗೆ ಬಿಡುವ ದಾರಿಯನ್ನೂ ಸಂಪ್ರದಾಯವೇ ಇಟ್ಟಿದೆ. ಸಂಕೇತ ಬಾರದಿದ್ದರೂ ಬದುಕು ನಿಲ್ಲಬಾರದೆಂಬ ವಿವೇಕ ಅದರಲ್ಲಿದೆ, ಮತ್ತು ಅಂಥ ನಿರೀಕ್ಷೆಗೆ ಒಂದು ದಿನ, ಒಂದು ಜಾಗ ಎಂಬ ಮಿತಿಯೂ ಇದೆ.

ನಿಮ್ಮ ಮನೆಯಲ್ಲಿ ಆ ಮಿತಿ ಸಡಿಲವಾಗಿದೆ. ಭರಣಿಯ ಮುಂದೆ ಬಂದ ನೆನಪು ನಿಮ್ಮಿಂದ ಏನನ್ನೂ ಕೇಳಿರಲಿಲ್ಲ. ಫೋಟೋ ಬಿದ್ದ ಮೇಲೆ ಮಾತ್ರ ಸಂಕೇತಕ್ಕೆ ಆಜ್ಞೆಯ ರೂಪ ಬಂದಿದೆ: ಈ ಸಂಬಂಧ ಬೇಡ. ಇಲ್ಲಿ ನಾನು ಖಚಿತವಾಗಿ ಹೇಳುತ್ತೇನೆ, ಆ ಫೋಟೋವನ್ನು ಆಧಾರವಾಗಿಟ್ಟುಕೊಂಡು ಮಗಳ ಮದುವೆಯ ವಿಷಯವನ್ನು ನಿರ್ಧರಿಸಬೇಡಿ.

ದಯವಿಟ್ಟು ಆ ಮೊಳೆಯನ್ನೂ ಫೋಟೋದ ಹಿಂದಿನ ದಾರವನ್ನೂ ಒಮ್ಮೆ ಪರೀಕ್ಷಿಸಿ. ಆಷಾಢದಲ್ಲಿ ತೀರಿಕೊಂಡವರ ಫೋಟೋವನ್ನು ಮಳೆಗಾಲದ ನಡುವೆಯೇ ಗೋಡೆಗೆ ಹಾಕಿರುತ್ತೀರಿ. ತೇವ ಹೀರಿದ ಗಾರೆಯಲ್ಲಿ ಹೊಡೆದ ಮೊಳೆ ಗೋಡೆ ಒಣಗುತ್ತ ಬಂದಂತೆ ಸಡಿಲವಾಗಬಹುದು. ನವರಾತ್ರಿಗೆಂದು ಫೋಟೋ ಇಳಿಸಿ ಒರೆಸಿ ಮತ್ತೆ ತೂಗುಹಾಕಿದ್ದರೆ, ಹೊಸ ಹಾರದ ಭಾರವೂ ಸೇರಿದ್ದರೆ, ಅದು ಬೀಳುವುದಕ್ಕೆ ಯೋಗ್ಯವಾದ ಕಾಲ ಅದೇ. ಇನ್ನೊಂದು ಮಾತನ್ನೂ ಯೋಚಿಸಿ. ಆ ಫೋಟೋ ಎರಡು ದಿನ ಮೊದಲು ಬಿದ್ದಿದ್ದರೆ ‘ಮುನ್ಸೂಚನೆ’ ಎನ್ನುತ್ತಿದ್ದಿರಿ, ಎರಡು ದಿನ ಆದ ಮೇಲೆ ಬಿದ್ದಿದ್ದರೆ ‘ನಾವು ಮುಂದುವರಿದದ್ದಕ್ಕೆ ಅಸಮಾಧಾನ’ ಎನ್ನುತ್ತಿದ್ದಿರಿ, ಅದರ ಹಾರದಿಂದ ಒಂದು ಹೂವು ಉದುರಿದ್ದರೆ ‘ದೊಡ್ಡಮ್ಮ ಹರಸಿದರು’ ಎನ್ನುತ್ತಿದ್ದಿರಿ. ದೇವಸ್ಥಾನದಲ್ಲಿ ಪ್ರಸಾದ ಕೇಳುವವರು ಕೂಡ ಪ್ರಶ್ನೆಯನ್ನು ಮೊದಲೇ ಇಟ್ಟು, ಬಲಗಡೆಯ ಹೂವಿಗೆ ಇದು, ಎಡಗಡೆಯದಕ್ಕೆ ಅದು ಎಂದು ನಿಶ್ಚಯಿಸಿಕೊಂಡೇ ಕಾಯುತ್ತಾರೆ. ನಿಮ್ಮ ಫೋಟೋ ಬಿದ್ದಾಗ ಪ್ರಶ್ನೆಯೇ ಇರಲಿಲ್ಲ. ಘಟನೆ ಮೊದಲು ನಡೆದು ಪ್ರಶ್ನೆಯನ್ನು ಆಮೇಲೆ ಹುಡುಕಿದರೆ, ಬಿದ್ದ ಯಾವುದಕ್ಕಾದರೂ ಯಾವ ಉತ್ತರವನ್ನಾದರೂ ಹೊಂದಿಸಬಹುದು. ಮರವನ್ನು ಕೊರೆಯುವ ಹುಳುವಿನ ದಾರಿಯಲ್ಲಿ ಅಕ್ಷರ ಓದುವುದನ್ನು ನಮ್ಮ ಶಾಸ್ತ್ರಕಾರರು ಘುಣಾಕ್ಷರ ನ್ಯಾಯವೆಂದು ಬಹಳ ಹಿಂದೆಯೇ ಗುರುತಿಸಿದ್ದರು.

ಈ ಬಗ್ಗೆ ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ‘ಇದು ಆಕಸ್ಮಿಕವಾಗಿರಲು ಸಾಧ್ಯವೇ ಇಲ್ಲ’ ಎಂಬ ಮಾತು ಒಮ್ಮೊಮ್ಮೆ ಮನುಷ್ಯರ ಬದುಕನ್ನೇ ಮುರಿಯುತ್ತದೆ. ಇಂಗ್ಲೆಂಡಿನಲ್ಲಿ ಸ್ಯಾಲಿ ಕ್ಲಾರ್ಕ್ ಎಂಬ ವಕೀಲೆಯ ಇಬ್ಬರು ಹಸುಗೂಸುಗಳು, ಒಂದು 1996ರಲ್ಲಿ, ಇನ್ನೊಂದು 1998ರಲ್ಲಿ, ಹಠಾತ್ತನೆ ತೀರಿಕೊಂಡವು. ಅಂಥ ಕುಟುಂಬದಲ್ಲಿ ಒಂದು ಶಿಶು ಹಾಗೆ ಸಾಯುವ ಸಂಭವ 8,543ರಲ್ಲಿ ಒಂದು, ಆದ್ದರಿಂದ ಎರಡು ಸಾಯುವ ಸಂಭವ ಸುಮಾರು 7 ಕೋಟಿ 30 ಲಕ್ಷದಲ್ಲಿ ಒಂದು ಎಂದು ವೈದ್ಯಕೀಯ ಸಾಕ್ಷಿಯೊಬ್ಬರು ನ್ಯಾಯಾಲಯದಲ್ಲಿ ನುಡಿದರು. 1999ರಲ್ಲಿ ಆ ತಾಯಿಗೆ ಕೊಲೆಯ ಅಪರಾಧಕ್ಕಾಗಿ ಜೀವಾವಧಿ ಶಿಕ್ಷೆಯಾಯಿತು. ಒಂದೇ ತಂದೆತಾಯಿಯ, ಒಂದೇ ಮನೆಯ ಎರಡು ಮಕ್ಕಳ ಸಾವುಗಳನ್ನು ಒಂದಕ್ಕೊಂದು ಸಂಬಂಧವಿಲ್ಲದವೆಂದು ತಿಳಿದು ಗುಣಿಸಿದ್ದೇ ತಪ್ಪು ಎಂದು ಬ್ರಿಟನ್ನಿನ ರಾಯಲ್ ಸಂಖ್ಯಾಶಾಸ್ತ್ರ ಸೊಸೈಟಿ 2001ರಲ್ಲಿ ಬಹಿರಂಗವಾಗಿ ಆಕ್ಷೇಪಿಸಿತು. ಎರಡನೆಯ ಮಗುವಿಗೆ ಸೋಂಕಿದ್ದಿರಬಹುದೆಂದು ಸೂಚಿಸುವ ಪರೀಕ್ಷೆಯ ವರದಿಯೂ ವಿಚಾರಣೆಯ ವೇಳೆ ಮುಂದೆ ಬಂದಿರಲಿಲ್ಲ. 2003ರಲ್ಲಿ ಆಕೆಯ ಬಿಡುಗಡೆಯಾಯಿತು. ನಾಲ್ಕು ವರ್ಷಗಳಲ್ಲಿ ಆಕೆಯೂ ತೀರಿಕೊಂಡರು.

ನಮ್ಮ ಮನೆಗಳಲ್ಲಿ ಇದೇ ತಪ್ಪಿಗೆ ಕಾಲ್ಗುಣ ಎಂದು ಹೆಸರು. ಸೊಸೆ ಮನೆ ತುಂಬಿದ ವರ್ಷ ಮಾವನಿಗೆ ಹೃದಯಾಘಾತವಾದರೆ, ಅಡಿಕೆಗೆ ಕೊಳೆರೋಗ ಬಂದರೆ, ಮೈದುನನ ವ್ಯಾಪಾರ ನೆಲಕಚ್ಚಿದರೆ ಎಲ್ಲವೂ ಆಕೆಯ ಪಾದದ ಮೇಲೆ ಬರುತ್ತದೆ. ಮೂಲಾ ನಕ್ಷತ್ರದಲ್ಲಿ ಹುಟ್ಟಿದರೆಂಬ ಒಂದೇ ಕಾರಣಕ್ಕೆ ಸಂಬಂಧ ತಪ್ಪಿಹೋದ ಹೆಣ್ಣುಮಕ್ಕಳು ಆಪ್ತಸಮಾಲೋಚನೆಗೆ ಬಂದು ಕಣ್ಣೀರು ಹಾಕುವುದನ್ನು ನಾನು ಕಂಡಿದ್ದೇನೆ. ಅರವತ್ತು ದಾಟಿದ ಮಾವನಿಗೆ ಆ ವರ್ಷ ಕಾಯಿಲೆ ಬರುವುದು, ಜೋರು ಮಳೆಯ ವರ್ಷ ತೋಟಕ್ಕೆ ಕೊಳೆ ತಗಲುವುದು ಎರಡೂ ಸಾಮಾನ್ಯ ಸಂಗತಿಗಳು, ಅವುಗಳ ಪಕ್ಕದಲ್ಲಿ ಒಂದು ಮದುವೆ ನಡೆದಿತ್ತು ಅಷ್ಟೇ. ಇಂದು ನೀವು ಬಿದ್ದ ಫೋಟೋವಿನಿಂದ ಆ ಹುಡುಗನ ಬಗ್ಗೆ ತೀರ್ಪು ಕೊಟ್ಟರೆ, ನಾಳೆ ಇನ್ನೊಂದು ಮನೆಯಲ್ಲಿ ಬಿದ್ದ ಯಾವುದೋ ವಸ್ತುವಿನಿಂದ ನಿಮ್ಮ ಮಗಳ ಬಗ್ಗೆ ತೀರ್ಪು ಬಂದಾಗ ನೀವು ಯಾವ ನ್ಯಾಯದಿಂದ ಆಕೆಯ ಪರವಾಗಿ ನಿಲ್ಲುತ್ತೀರಿ? ಈ ಮಾತು ಕಠಿಣವಾಗಿ ಕೇಳಿಸಬಹುದು, ಆದರೆ ಹೇಳದೆ ಇರಲಾರೆ.

ಹಾಗೆಂದು ಕೂಡಿಬಂದ ಘಟನೆಗಳನ್ನೆಲ್ಲ ಒಂದೇ ಮಾತಿನಲ್ಲಿ ತಳ್ಳಿಹಾಕುವುದು ಜಾಣತನವೆಂದು ನಿಮ್ಮ ಯಜಮಾನರು ತಿಳಿದಿದ್ದರೆ, ಅವರಿಗೂ ಒಂದು ಸಂಗತಿಯನ್ನು ಓದಿ ಹೇಳಿ. 1941ರಲ್ಲಿ ಸಿಡ್ನಿಯ ಕಣ್ಣಿನ ವೈದ್ಯ ನಾರ್ಮನ್ ಗ್ರೆಗ್ ಅವರ ಬಳಿಗೆ ಹುಟ್ಟುತ್ತಲೇ ಕಣ್ಣಿಗೆ ಪೊರೆ ಬಂದಿದ್ದ ಶಿಶುಗಳು ಅಸಹಜವಾಗಿ ಹೆಚ್ಚು ಬರತೊಡಗಿದವು. ಆ ತಾಯಂದಿರಲ್ಲಿ ಹೆಚ್ಚಿನವರಿಗೆ ಬಸಿರಿನ ಆರಂಭದಲ್ಲಿ ರುಬೆಲ್ಲಾ ಜ್ವರ ಬಂದಿತ್ತೆಂಬುದು ಅವರ ಗಮನಕ್ಕೆ ಬಂತು. ಸಣ್ಣ ಜ್ವರ, ಮೈಮೇಲೆ ದದ್ದು, ಎರಡು ಮೂರು ದಿನದಲ್ಲಿ ವಾಸಿ. ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ಕಾಕತಾಳೀಯ ಎಂದು ಬಿಡದೆ ಗ್ರೆಗ್ ಸಹೋದ್ಯೋಗಿಗಳನ್ನೂ ವಿಚಾರಿಸಿ, 78 ಶಿಶುಗಳ ವಿವರ ಕಲೆಹಾಕಿ ಪ್ರಬಂಧ ಮಂಡಿಸಿದರು. ಬಸುರಿಯ ರುಬೆಲ್ಲಾ ಗರ್ಭದ ಶಿಶುವಿಗೆ ಅಪಾಯವೆಂದು ಜಗತ್ತಿಗೆ ತಿಳಿದದ್ದು ಹಾಗೆ. 2017ರ ಫೆಬ್ರುವರಿಯಲ್ಲಿ ಕರ್ನಾಟಕದ ಶಾಲೆಗಳಲ್ಲಿ ಮಕ್ಕಳಿಗೆ ಹಾಕಿದ ದಡಾರ-ರುಬೆಲ್ಲಾ ಲಸಿಕೆಯ ಹಿಂದೆ ಆ ವೈದ್ಯರ ಗಮನಿಸುವ ಕಣ್ಣಿದೆ. ಗ್ರೆಗ್ ಅವರ ಸಂಗತಿ ಮರಳಿ ಮರಳಿ ಪರೀಕ್ಷೆಗೆ ನಿಂತಿತು, ಬೇರೆಯವರು ಹುಡುಕಿದಾಗಲೂ ಸಿಕ್ಕಿತು. ನಿಮ್ಮ ಫೋಟೋ ಬಿದ್ದದ್ದಕ್ಕೂ ಇದಕ್ಕೂ ಇರುವ ವ್ಯತ್ಯಾಸ ಅದು.

ನಿಮ್ಮಲ್ಲಿ ಸಂಕೇತಗಳು ಈಗಲೇ ಏಕೆ ಹೆಚ್ಚಿದವು ಎನ್ನುವುದಕ್ಕೂ ಒಂದು ವಿವರಣೆ ಇದೆ. ಜೆನಿಫರ್ ವಿಟ್ಸನ್ ಮತ್ತು ಆಡಮ್ ಗಲಿನ್ಸ್ಕಿ ಎಂಬ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಪರಿಸ್ಥಿತಿ ತಮ್ಮ ಹಿಡಿತದಲ್ಲಿಲ್ಲ ಎಂಬ ಭಾವನೆ ಬಂದವರು ಬರೀ ಚುಕ್ಕೆಗಳ ಗೊಂದಲದಲ್ಲಿಯೂ ಇಲ್ಲದ ಆಕೃತಿಗಳನ್ನು ಹೆಚ್ಚಾಗಿ ಕಂಡರು. ಆಮೇಲಿನ ಮರುಪ್ರಯೋಗಗಳೆಲ್ಲ ಇದನ್ನು ಅಷ್ಟೇ ಬಲವಾಗಿ ತೋರಿಸಿಲ್ಲ, ಆದರೂ ನನ್ನ ಕೆಲಸದಲ್ಲಿ ಕಾಣುವುದಕ್ಕೆ ಅದು ಹೊಂದುತ್ತದೆ. ಸಾಕಿದವರು ಹೋದರು, ಮಗಳೂ ಮನೆ ಬಿಡುವ ಕಾಲ ಬಂತು. ಎರಡೂ ನಿಮ್ಮ ಕೈಯಲ್ಲಿಲ್ಲ. ಇಂಥ ಹೊತ್ತಿನಲ್ಲಿ ‘ಹೀಗೆ ಮಾಡು’ ಎಂದು ಹೇಳುವ ಹಿರಿಯ ದನಿಯೊಂದು ಬೇಕೆನಿಸುವುದು ಸಹಜ. ಇಷ್ಟು ವರ್ಷ ಆ ದನಿ ದೊಡ್ಡಮ್ಮನದಾಗಿತ್ತು ಎಂದು ನಾನು ಊಹಿಸುತ್ತೇನೆ.

ಒಂದು ಎಚ್ಚರಿಕೆಯ ಮಾತನ್ನು ಮಾತ್ರ ಇಲ್ಲಿ ಸೇರಿಸಬೇಕು. ಸಂಬಂಧವಿಲ್ಲದ ವಸ್ತುಗಳಲ್ಲೆಲ್ಲ ತನಗಾಗಿಯೇ ಇಟ್ಟ ಅರ್ಥವನ್ನು ಕಾಣುವುದು ಕೆಲವೊಮ್ಮೆ ಗಂಭೀರ ಮನೋವ್ಯಾಧಿಯ ಆರಂಭದಲ್ಲಿಯೂ ಬರುತ್ತದೆ. ಜರ್ಮನಿಯ ಮನೋವೈದ್ಯ ಕ್ಲಾಸ್ ಕೋನ್ರಾಡ್ 1958ರಲ್ಲಿ ಇದನ್ನು ವಿವರವಾಗಿ ದಾಖಲಿಸಿದರು. ನಿಮ್ಮ ಪತ್ರದಲ್ಲಿ ಅದರ ಲಕ್ಷಣಗಳಿಲ್ಲ. ಆದರೆ ವಾರಗಟ್ಟಲೆ ನಿದ್ದೆ ಕೆಟ್ಟರೆ, ಟೀವಿಯಲ್ಲಿ ಬರುವ ಮಾತು ನಿಮ್ಮನ್ನೇ ಕುರಿತದ್ದೆಂದು ಖಾತ್ರಿಯಾಗಿ ಅನಿಸತೊಡಗಿದರೆ, ಯಾರೋ ಆಜ್ಞೆ ಮಾಡುವ ದನಿ ಕೇಳಿದರೆ, ಸಮಾಧಾನದ ಬದಲು ಭಯವೇ ಬೆಳೆದರೆ ತಡಮಾಡದೆ ಮನೋವೈದ್ಯರನ್ನು ಕಾಣಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲಿಯೇ ಮಾತನಾಡಬಹುದು, ಅದಕ್ಕೆ ಶುಲ್ಕವಿಲ್ಲ.

ಈಗ ಮಾಡಬೇಕಾದದ್ದು. ಫೋಟೋಗೆ ಹೊಸ ಗಾಜು ಹಾಕಿಸಿ, ಹಿಂದೆ ದಾರದ ಬದಲು ತಂತಿ ಕಟ್ಟಿಸಿ, ಒಣಗಿದ ಗೋಡೆಯಲ್ಲಿ ಸ್ಕ್ರೂ ಹಾಕಿಸಿ ತೂಗುಹಾಕಿ. ಒಂದು ಸಂಜೆ ಯಜಮಾನರನ್ನು ಕೂರಿಸಿಕೊಂಡು, ವಾದಕ್ಕೆ ಇಳಿಯದೆ, ದೊಡ್ಡಮ್ಮ ನಿಮ್ಮನ್ನು ಬೆಳೆಸಿದ ದಿನಗಳನ್ನು ಹೇಳಿ. ಫೋನು ಬಂದ ಬೆಳಗಿನ ಬಗ್ಗೆ ಅಭಿಪ್ರಾಯ ಕೇಳುವುದಕ್ಕಿಂತ ಅದು ನಿಮಗೆ ಹೇಗಿತ್ತೆಂದು ಕೇಳಿಸಿಕೊಳ್ಳಲು ಅವರಿಗೆ ಹೇಳಿ. ಸುಮ್ಮನಿರು ಎಂದವರು ಬಹಳ ಸಲ ಕೇಳಿಸಿಕೊಳ್ಳಲು ತಯಾರಿರುತ್ತಾರೆ, ಒಪ್ಪಿಕೊಳ್ಳಬೇಕಾಗುತ್ತದೆಂದು ಹೆದರಿ ಬಾಯಿ ಮುಚ್ಚಿಸುತ್ತಾರೆ.

ಆಮೇಲೆ ನಿಮ್ಮನ್ನು ನೀವೇ ಒಂದು ಪ್ರಶ್ನೆ ಕೇಳಿಕೊಳ್ಳಿ: ಆ ಫೋಟೋ ಗೋಡೆಯ ಮೇಲೇ ಇದ್ದಿದ್ದರೆ ಈ ಸಂಬಂಧದ ಬಗ್ಗೆ ನನಗೆ ಏನನ್ನಿಸುತ್ತಿತ್ತು? ಗಾಜು ಒಡೆದಾಗ ನಿಮಗೆ ಭಯವಾಯಿತೋ, ಅಥವಾ ಬೇಡವೆನ್ನಲು ಒಂದು ನೆಪ ಸಿಕ್ಕಿತೆಂದು ಒಳಗೆಲ್ಲೋ ಹಗುರವಾಯಿತೋ ಎನ್ನುವುದನ್ನು ಪ್ರಾಮಾಣಿಕವಾಗಿ ನೋಡಿಕೊಳ್ಳಿ. ಹಗುರವಾಗಿದ್ದರೆ ನಿಮ್ಮ ಮನಸ್ಸಿನಲ್ಲಿ ಮೊದಲೇ ಒಂದು ಅಳುಕಿತ್ತು; ಅದು ಹುಡುಗನ ಕೆಲಸದ ಬಗ್ಗೆಯೋ, ದೂರದ ಊರಿನ ಬಗ್ಗೆಯೋ, ಅವರ ಮನೆಯವರ ಮಾತಿನ ರೀತಿಯ ಬಗ್ಗೆಯೋ ಇರಬಹುದು. ಅದನ್ನು ಹೆಸರಿಟ್ಟು ವಿಚಾರಿಸಬಹುದು, ನಾಲ್ಕು ಜನರನ್ನು ಕೇಳಿ ತಿಳಿಯಬಹುದು. ಎಲ್ಲಕ್ಕಿಂತ ಮೊದಲು ಮಗಳನ್ನು ಕೇಳಿ. ನಿಮ್ಮ ಪತ್ರದಲ್ಲಿ ದೊಡ್ಡಮ್ಮನ ಇಷ್ಟವಿದೆ, ಯಜಮಾನರ ಮಾತಿದೆ, ಮಗಳು ಏನು ಹೇಳಿದಳೆಂದು ಒಂದು ಸಾಲೂ ಇಲ್ಲ. ಯೋಚಿಸಲು ಸಮಯ ಬೇಕಿದ್ದರೆ ಹುಡುಗನ ಕಡೆಯವರಲ್ಲಿ ಕೇಳಿಕೊಳ್ಳಿ, ಜಾತಕ ತಲುಪಿದ ಮೇಲೆ ಕೆಲವು ವಾರ ತೆಗೆದುಕೊಳ್ಳುವುದನ್ನು ಯಾರೂ ತಪ್ಪು ತಿಳಿಯುವುದಿಲ್ಲ. ಅವಳು ಒಪ್ಪದೆ ಈ ಸಂಬಂಧವನ್ನು ಬಿಡಬೇಕಾಗಿ ಬಂದರೆ ಅವಳ ಕಾರಣವನ್ನೇ ಮರ್ಯಾದೆಯಿಂದ ತಿಳಿಸಿ. ಫೋಟೋ ಬಿದ್ದ ಸುದ್ದಿಯನ್ನು ಆ ಹುಡುಗನ ಬೆನ್ನಿಗೆ ಕಟ್ಟಿ ಕಳಿಸಬೇಡಿ.